ಪಕ್ಕದ ಮನೆ ಗೋಡೆ ಮತ್ತು ಪಾಲಿಸಿಯ ಎರಡನೇ ಭಾಗ

ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಟ್ಟಡದ ಕಂಟ್ರಾಕ್ಟ್ ಮಾಡುತ್ತಿದ್ದೇನೆ. ಅದರಲ್ಲಿ ಬಹಳ ವರ್ಷ ನನ್ನ ಹತ್ತಿರ ಇದ್ದದ್ದು ಒಂದೇ ಪಾಲಿಸಿ. ಸೈಟಿನಲ್ಲಿ ಎಲ್ಲರೂ ಅದನ್ನು 'ಡಬ್ಲ್ಯೂಸಿ' ಅಂತಾರೆ. ಕೆಲಸಗಾರರಿಗೆ ಪೆಟ್ಟಾದರೆ, ಜೀವ ಹೋದರೆ ಪರಿಹಾರ ಕೊಡುವ ಪಾಲಿಸಿ ಅದು. ವರ್ಷಕ್ಕೊಮ್ಮೆ ಏಜೆಂಟ್ ಫೋನ್ ಮಾಡುತ್ತಿದ್ದರು, ನಾನು ಚೆಕ್ ಬರೆದು ಕೊಡುತ್ತಿದ್ದೆ. ಸೈಟಿನಲ್ಲಿ ಏನೇ ಆದರೂ ಅದು ನೋಡಿಕೊಳ್ಳುತ್ತೆ ಅಂತ ನಂಬಿದ್ದೆ.

2017ರಲ್ಲಿ ಆ ನಂಬಿಕೆ ಹೋಯಿತು. ಎರಡನೇ ಮಹಡಿಯ ಸೆಂಟ್ರಿಂಗ್ ಬಿಚ್ಚುವಾಗ ಒಂದು ಹಲಗೆ ಜಾರಿ ರಸ್ತೆಗೆ ಬಿತ್ತು. ಬೆಳಗ್ಗೆ ಹಾಲು ತರಲು ಹೊರಟಿದ್ದ ಒಬ್ಬರ ಭುಜದ ಮೂಳೆ ಮುರಿಯಿತು. ಆಸ್ಪತ್ರೆಗೆ ಸೇರಿಸಿದ ಮೇಲೆ ಏಜೆಂಟಿಗೆ ಫೋನ್ ಮಾಡಿದೆ. "ಅವರು ನಿಮ್ಮ ಲೇಬರ್ ಅಲ್ವಲ್ಲ ಸಾರ್, ಇದು ಡಬ್ಲ್ಯೂಸಿಲಿ ಬರಲ್ಲ" ಅಂದರು. ಆಪರೇಷನ್ ಖರ್ಚು, ಎರಡು ತಿಂಗಳು ಅವರು ಕೆಲಸಕ್ಕೆ ಹೋಗದ ಸಂಬಳ, ಎಲ್ಲವನ್ನೂ ಚೀಟಿ ಎತ್ತಿ ಕೊಟ್ಟೆ. ಕೊಟ್ಟದ್ದು ಸರಿಯೇ. ತಪ್ಪು ನಮ್ಮ ಕಡೆಯದು. ಆದರೆ ಅಷ್ಟು ವರ್ಷ ಪ್ರೀಮಿಯಂ ಕಟ್ಟಿಕೊಂಡು ಬಂದಿದ್ದರೂ ನಾನು ಏನು ಕೊಂಡಿದ್ದೇನೆ ಅಂತಲೇ ನನಗೆ ಗೊತ್ತಿರಲಿಲ್ಲ.

ಲಯಬಿಲಿಟಿ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಹೀಗೆ. ನನ್ನ ಕೆಲಸದಿಂದ ಇನ್ನೊಬ್ಬರಿಗೆ ನಷ್ಟವಾದರೆ, ಕಾನೂನಿನ ಪ್ರಕಾರ ನಾನು ಕೊಡಲೇಬೇಕಾದ ದುಡ್ಡು. ಆ 'ಇನ್ನೊಬ್ಬರು' ಯಾರು ಅನ್ನುವುದರ ಮೇಲೆ ಪಾಲಿಸಿಯೇ ಬೇರೆಯಾಗುತ್ತದೆ. ಅವರು ನನ್ನ ಕೆಲಸಗಾರರಾದರೆ ಒಂದು, ದಾರಿಹೋಕರೋ ಪಕ್ಕದ ಮನೆಯವರೋ ಆದರೆ ಇನ್ನೊಂದು. ಜೆಸಿಬಿ ರಸ್ತೆಯಲ್ಲಿ ಹೋಗುವಾಗ ಯಾರಿಗಾದರೂ ಗುದ್ದಿದರೆ ಅದು ಮತ್ತೊಂದು, ವಾಹನದ ಇನ್ಶೂರೆನ್ಸ್. ಇಂಜಿನಿಯರ್ ಹಾಕಿದ ಡ್ರಾಯಿಂಗೇ ತಪ್ಪಾಗಿದ್ದರೆ, ಅವರು ಮಾಡಿಸಿಕೊಳ್ಳಬೇಕಾದ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ ಬೇರೆಯೇ ಇದೆ.

2022ರಲ್ಲಿ ಹಳೇ ಬಡಾವಣೆಯೊಂದರಲ್ಲಿ ದೊಡ್ಡ ಕೆಲಸ ಸಿಕ್ಕಿತು. ಬೇಸ್‌ಮೆಂಟ್ ಪಾರ್ಕಿಂಗ್, ಮೇಲೆ ಮೂರು ಮಹಡಿ. ಸೈಟಿನ ಪೂರ್ವಕ್ಕೆ ಅಂಟಿಕೊಂಡಂತೆ ಒಂದು ಹಳೇ ಮನೆ. ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಮುಂದೆ ಮದ್ರಾಸ್ ತಾರಸಿ, ಹಿಂದೆ ಹೆಂಚು ಹೊದಿಸಿದ ಬಚ್ಚಲುಮನೆ. ಅದರ ಪಾಯ ಮೂರು ಅಡಿಯೂ ಇಲ್ಲ ಅಂತ ನನ್ನ ಮೇಸ್ತ್ರಿ ನೋಡಿದ ಕೂಡಲೇ ಹೇಳಿದ. ನಾವು ತೋಡಬೇಕಿದ್ದದ್ದು ಹನ್ನೊಂದು ಅಡಿ.

ಓನರ್ ಕಡೆಯ ಆರ್ಕಿಟೆಕ್ಟ್ ಅಗ್ರಿಮೆಂಟಿನಲ್ಲಿ ಒಂದು ಸಾಲು ಹಾಕಿದ್ದರು: ಕಂಟ್ರಾಕ್ಟರ್ ಆಲ್ ರಿಸ್ಕ್ ಪಾಲಿಸಿ ಕಡ್ಡಾಯ. ಓನರಿಗೆ ಅದು ದಂಡದ ಖರ್ಚು ಅನ್ನಿಸಿತ್ತು. "ಪ್ಲಾನ್ ಪಾಸ್ ಮಾಡಿಸುವಾಗಲೇ ಲೇಬರ್ ಸೆಸ್ ಅಂತ ಒಂದು ಪರ್ಸೆಂಟ್ ಕಟ್ಟಿದೀನಲ್ಲ, ಅದೇ ಇನ್ಶೂರೆನ್ಸ್ ಅಲ್ವಾ?" ಅಂತ ಕೇಳಿದರು. ಇದನ್ನು ಬಹಳ ಜನ ಕೇಳುತ್ತಾರೆ. ಅದು ಇನ್ಶೂರೆನ್ಸ್ ಅಲ್ಲ. ಆಗ 1996ರ ಕಾನೂನಿನ ಪ್ರಕಾರ ಕಟ್ಟುತ್ತಿದ್ದ ಆ ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡ ಕೆಲಸಗಾರರಿಗೆ ಅಲ್ಲಿಂದ ಸಹಾಯಧನಗಳು ಸಿಗುತ್ತವೆ. ಒಳ್ಳೆಯ ವ್ಯವಸ್ಥೆ. ಆದರೆ ನನ್ನ ಮೇಲಿನ ಹೊಣೆಯನ್ನೂ ಓನರ್ ಮೇಲಿನ ಹೊಣೆಯನ್ನೂ ಅದು ಒಂದು ರೂಪಾಯಿಯಷ್ಟೂ ಕಡಿಮೆ ಮಾಡುವುದಿಲ್ಲ.

ಪ್ರೊಪೋಸಲ್ ಫಾರಂ ಬಂತು. ಕೆಲಸದ ಪೂರ್ತಿ ಬೆಲೆ ಎಷ್ಟು, ಎಷ್ಟು ತಿಂಗಳು, ಮಣ್ಣು ಯಾವ ಬಗೆಯದು, ಅಂತರ್ಜಲ ಎಷ್ಟು ಆಳದಲ್ಲಿದೆ, ಅಕ್ಕಪಕ್ಕ ಯಾವ ಕಟ್ಟಡಗಳಿವೆ ಅಂತೆಲ್ಲ ಕೇಳಿದ್ದರು. ಏಜೆಂಟ್ "ಅದನ್ನೆಲ್ಲ ನಾನು ಫಿಲ್ ಮಾಡ್ಕೊಳ್ತೀನಿ, ನೀವು ಸೈನ್ ಹಾಕಿ ಸಾಕು" ಅಂದರು. ಹಲಗೆ ಬಿದ್ದ ದಿನ ನೆನಪಾಯಿತು. ಫಾರಂ ಮನೆಗೆ ತಂದೆ.

ನಷ್ಟ ಎಷ್ಟು ಅಂತ ನೋಡಿ ಲೆಕ್ಕ ಹಾಕುವ ಇನ್ಶೂರೆನ್ಸ್ ಸರ್ವೇಯರ್ ಆಗಿ ದುಡಿದು ನಿವೃತ್ತರಾದ ಹಿರಿಯರೊಬ್ಬರ ಮನೆಯನ್ನು ಹಿಂದೆ ನಾನೇ ಕಟ್ಟಿದ್ದೆ. ಫಾರಂ ಮತ್ತು ಪಾಲಿಸಿಯ ಮಾದರಿ ಪ್ರತಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಎರಡು ಸಂಜೆ ಕೂತು ಅವರು ಓದಿಸಿದರು. ಅವರು ಹೇಳಿಕೊಡಲಿಲ್ಲ. ನನ್ನ ಕೈಲೇ ಓದಿಸಿ "ಈಗ ಹೇಳಪ್ಪ, ಇದರ ಅರ್ಥ ಏನು?" ಅಂತ ಕೇಳುತ್ತಿದ್ದರು.

ಆ ಪಾಲಿಸಿಗೆ ಎರಡು ಭಾಗ. ಮೊದಲನೆಯದು ನಾವು ಕಟ್ಟುತ್ತಿರುವ ಕಟ್ಟಡಕ್ಕೆ ಆಗುವ ಹಾನಿ. ಬೆಂಕಿ, ಪ್ರವಾಹ, ಕುಸಿತ, ಕಳ್ಳತನ ಇಂಥವು. ಸಾಮಾನು ಸೈಟಿಗೆ ಇಳಿದಾಗಿನಿಂದ ಕಟ್ಟಡ ಓನರ್ ಕೈಗೆ ಹೋಗುವವರೆಗೆ. ಕಳಪೆ ಕೆಲಸವನ್ನೇ ಮತ್ತೆ ಮಾಡುವ ಖರ್ಚನ್ನು ಅವರು ಕೊಡುವುದಿಲ್ಲ. ನಾನು ಹಾಕಿದ ಪ್ಲಾಸ್ಟರ್ ಉದುರಿದರೆ ಅದು ನನ್ನ ಕರ್ಮ. ಅಗ್ರಿಮೆಂಟಿನಲ್ಲಿ ಡಿಫೆಕ್ಟ್ ಲಯಬಿಲಿಟಿ ಪೀರಿಯಡ್, ಅಂದರೆ ಕಟ್ಟಡ ಒಪ್ಪಿಸಿದ ಮೇಲೂ ದೋಷ ಕಂಡರೆ ನಾವೇ ಸರಿಮಾಡಿಕೊಡಬೇಕಾದ ಅವಧಿ, ಅನ್ನುವ ಮಾತು ಬರುತ್ತದೆ. ಅದನ್ನು ನೋಡಿ, ಅದಕ್ಕೂ ಈ ಇನ್ಶೂರೆನ್ಸ್ ಇದೆ ಅಂದುಕೊಳ್ಳಬಾರದು.

ಎರಡನೇ ಭಾಗವೇ ಥರ್ಡ್ ಪಾರ್ಟಿ ಲಯಬಿಲಿಟಿ. ಸೈಟಿನ ಕೆಲಸದಿಂದ ಹೊರಗಿನವರಿಗೆ ಪೆಟ್ಟಾದರೆ, ಅವರ ಆಸ್ತಿ ಹಾಳಾದರೆ ಕೊಡುವ ಪರಿಹಾರ. ಕಂಪನಿಯ ಒಪ್ಪಿಗೆ ಪಡೆದು ಮಾಡಿದ ವಕೀಲರ ಖರ್ಚೂ ಅದರಲ್ಲಿ ಬರುತ್ತದೆ. ಒಂದು ಅಪಘಾತಕ್ಕೆ ಇಷ್ಟು, ಇಡೀ ಅವಧಿಗೆ ಇಷ್ಟು ಅಂತ ಮಿತಿ ನಾವೇ ಆರಿಸಿಕೊಳ್ಳಬೇಕು. ಏಜೆಂಟ್ ಐದು ಲಕ್ಷ ಅಂತ ಬರೆದಿದ್ದರು. "ಪಕ್ಕದ ಮನೆ ಐದು ಲಕ್ಷಕ್ಕೆ ಕಟ್ಟಿಕೊಡ್ತೀಯಾ?" ಅಂತ ಹಿರಿಯರು ಕೇಳಿದರು. ಅದನ್ನು ಇಪ್ಪತ್ತೈದು ಲಕ್ಷ ಮಾಡಿಸಿದೆ. ಪ್ರೀಮಿಯಂ ನಾನು ಹೆದರಿದಷ್ಟು ಏರಲಿಲ್ಲ. ಒಟ್ಟು ಪ್ರೀಮಿಯಂ, ತೆರಿಗೆಯೂ ಸೇರಿ, ಒಂದು ಮಹಡಿಯ ಮೋಲ್ಡ್ ಹಾಕುವ ದಿನದ ಕಾಂಕ್ರೀಟ್ ಬಿಲ್ಲಿಗಿಂತ ಕಡಿಮೆಯಿತ್ತು.

ಅದಾದ ಮೇಲೆ ಅವರು ಎರಡನೇ ಭಾಗದ 'ಏನೇನು ಬರುವುದಿಲ್ಲ' ಅನ್ನುವ ಪಟ್ಟಿಯ ಮೇಲೆ ಬೆರಳಿಟ್ಟರು. ಕಂಟ್ರಾಕ್ಟರ್ ಮತ್ತು ಓನರ್ ಕಡೆಯ ಕೆಲಸಗಾರರಿಗೆ ಆದ ಪೆಟ್ಟು ಇಲ್ಲ. ಅವರ ಸ್ವಂತ ಆಸ್ತಿ ಇಲ್ಲ. ರಸ್ತೆಯಲ್ಲಿ ಓಡಿಸಲು ಲೈಸೆನ್ಸ್ ಇರುವ ವಾಹನದಿಂದ ಆದದ್ದು ಇಲ್ಲ. ಅವುಗಳ ನಡುವೆ ಇನ್ನೊಂದು ಸಾಲು: ಕಂಪನದಿಂದ ಅಥವಾ ಆಧಾರ ತೆಗೆದದ್ದರಿಂದ, ಸಡಿಲಿಸಿದ್ದರಿಂದ ಭೂಮಿಗೆ, ಕಟ್ಟಡಕ್ಕೆ ಆದ ಹಾನಿ ಇಲ್ಲ. ಬೇರೆಯಾಗಿ ಒಪ್ಪಿ ಬರೆದುಕೊಂಡಿದ್ದರೆ ಮಾತ್ರ ಉಂಟು.

ಆ ಸಾಲನ್ನು ಮೂರು ಸಲ ಓದಿದೆ. ಪಕ್ಕದ ಮನೆಯ ಪಾಯದ ಪಕ್ಕದಲ್ಲೇ ಹನ್ನೊಂದು ಅಡಿ ಮಣ್ಣು ತೆಗೆಯುವುದು ಅಂದರೆ ಆಧಾರ ತೆಗೆಯುವುದೇ. ಬಂಡೆ ಸಿಕ್ಕಿ ಬ್ರೇಕರ್ ಹಾಕಿದರೆ ಕಂಪನವೇ. ಅಂದರೆ ಈ ಸೈಟಿನಲ್ಲಿ ನನಗೆ ಯಾವುದರ ಭಯ ಎಲ್ಲಕ್ಕಿಂತ ಜಾಸ್ತಿಯೋ ಅದೊಂದೇ ಪಾಲಿಸಿಯಲ್ಲಿ ಇರಲಿಲ್ಲ. ಸೈನ್ ಹಾಕಿ ಕಳಿಸಿದ್ದರೆ ಪಾಲಿಸಿ ಇದೆ ಅನ್ನುವ ಧೈರ್ಯದಲ್ಲೇ ತೋಡಲು ಶುರು ಮಾಡುತ್ತಿದ್ದೆ.

ಆ ರಕ್ಷಣೆ ಬೇಕೆಂದರೆ ಬೇರೆ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಹೆಚ್ಚುವರಿಯಾಗಿ ಸೇರಿಸುವ ಕರಾರು, ತೆಗೆದುಕೊಳ್ಳಬೇಕು. ಅದಕ್ಕೂ ಷರತ್ತುಗಳಿವೆ. ಕೆಲಸ ಶುರುವಾಗುವ ಮೊದಲು ಪಕ್ಕದ ಕಟ್ಟಡ ಗಟ್ಟಿಯಾಗಿರಬೇಕು. ಕುಸಿಯದಂತೆ ತಡೆಯುವ ಕೆಲಸವನ್ನು ನಾವು ಮಾಡಿರಬೇಕು. ಕಂಪನಿ ಕೇಳಿದರೆ ಆ ಕಟ್ಟಡ ಯಾವ ಸ್ಥಿತಿಯಲ್ಲಿದೆ ಅಂತ ನಮ್ಮ ಖರ್ಚಿನಲ್ಲಿ ರಿಪೋರ್ಟ್ ಮಾಡಿಸಿ ಕೊಡಬೇಕು. ಇಷ್ಟಾದರೂ, ಪೂರ್ತಿಯೋ ಒಂದು ಭಾಗವೋ ಕುಸಿದರೆ ಮಾತ್ರ ದುಡ್ಡು. ಕಟ್ಟಡದ ಬಲಕ್ಕೆ ಧಕ್ಕೆಯಿಲ್ಲದ ಮೇಲ್ಮೇಲಿನ ಕೂದಲೆಳೆ ಬಿರುಕಿಗೆ ಇಲ್ಲ. ನಾನು ಎಂಡಾರ್ಸ್‌ಮೆಂಟ್ ಕೇಳಿದೆ. ಕಂಪನಿಯ ಇಂಜಿನಿಯರ್ ಬಂದು ನೋಡಿ, ರಿಪೋರ್ಟ್ ಬೇಕೇ ಬೇಕು ಅಂದರು.

ಪಕ್ಕದ ಮನೆಯಲ್ಲಿದ್ದವರು ಒಬ್ಬರೇ ವಯಸ್ಸಾದ ಅಮ್ಮ. ಮಗ ಬೆಂಗಳೂರಿನಲ್ಲಿ. ಕ್ಯಾಮೆರಾ, ಟೇಪು ಹಿಡಿದುಕೊಂಡು ಸ್ಟ್ರಕ್ಚರಲ್ ಇಂಜಿನಿಯರ್ ಜತೆ ಬಾಗಿಲಲ್ಲಿ ನಿಂತಾಗ ಅವರು ಅರ್ಧ ಬಾಗಿಲು ತೆರೆದು ಕೇಳಿದರು:

"ನೀವು ಮನೆ ಕಟ್ಟೋಕೆ ನಮ್ಮನೆ ಫೋಟೋ ಯಾಕಪ್ಪಾ?"

"ಅಮ್ಮ, ನಾವು ತೋಡುವಾಗ ನಿಮ್ಮ ಗೋಡೆಗೆ ಏನಾದ್ರೂ ಆದ್ರೆ ಯಾವುದು ಹಳೇದು, ಯಾವುದು ನಮ್ಮಿಂದ ಆಗಿದ್ದು ಅಂತ ಗೊತ್ತಾಗಬೇಕಲ್ಲ."

"ಅಂದ್ರೆ ಆಗುತ್ತೆ ಅಂತ ನಿಮಗೆ ಮೊದಲೇ ಗೊತ್ತು!"

ಆ ಮಾತಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮಾರನೇ ದಿನ ಮಗನ ಜತೆ ಫೋನಿನಲ್ಲಿ ಮಾತಾಡಿಸಿ, ಎಲ್ಲ ಫೋಟೋಗಳ ಒಂದು ಪ್ರತಿ ಅವರಿಗೂ ಕೊಡುತ್ತೇವೆ ಅಂತ ಬರೆದುಕೊಟ್ಟ ಮೇಲೆ ಒಳಗೆ ಬಿಟ್ಟರು. ಮನೆಯೆಲ್ಲ ಸುತ್ತಿ ನೋಡಿದರೆ ಹದಿನಾಲ್ಕು ಹಳೇ ಬಿರುಕು ಸಿಕ್ಕವು. ಪ್ರತಿಯೊಂದಕ್ಕೂ ನಂಬರ್ ಹಾಕಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದೆವು. ದೊಡ್ಡ ನಾಲ್ಕರ ಮೇಲೆ ತೆಳುವಾದ ಗಾಜಿನ ತುಂಡು ಅಡ್ಡಲಾಗಿ ಅಂಟಿಸಿ ತಾರೀಖು ಬರೆದೆವು. ಬಿರುಕು ಅಲುಗಾಡಿದರೆ ಗಾಜು ಒಡೆಯುತ್ತದೆ. ನೂರಾರು ರೂಪಾಯಿಯ ಕೆಲಸವೂ ಅಲ್ಲ. ಕೊನೆಗೆ ಅಮ್ಮ ಕನ್ನಡಕ ಹಾಕಿಕೊಂಡು ಪ್ರತಿ ಪುಟ ಓದಿ ಸಹಿ ಮಾಡಿದರು. ಈ ಓಡಾಟದಲ್ಲಿ ಹದಿನೈದು ದಿನ ಹೋಯಿತು. ಓನರ್ ನನ್ನ ಮೇಲೆ ಚೆನ್ನಾಗಿ ರೇಗಿದರು.

ಆ ಹದಿನೈದು ದಿನದಲ್ಲೇ ಡಬ್ಲ್ಯೂಸಿ ಪಾಲಿಸಿಯನ್ನೂ ಸರಿಮಾಡಿಸಿದೆ. ಅದರ ಪ್ರೀಮಿಯಂ ಕೂಲಿಯ ಒಟ್ಟು ಮೊತ್ತದ ಮೇಲೆ ನಿಲ್ಲುತ್ತದೆ. ಹಾಗಾಗಿ ಜನ ಕಡಿಮೆ ತೋರಿಸುವ ಚಟ ನಮ್ಮಲ್ಲಿ ಬಹಳ ಮಂದಿಗೆ ಇದೆ. ನಾನೂ ಬಾರ್ ಬೆಂಡಿಂಗ್ ಗ್ಯಾಂಗ್, ಸೆಂಟ್ರಿಂಗ್ ಗ್ಯಾಂಗನ್ನು ಎಂದೂ ಬರೆಸಿರಲಿಲ್ಲ. ಅವರು ಬೇರೆ ಮೇಸ್ತ್ರಿಯ ಜನ, ನನ್ನವರಲ್ಲ ಅಂತ ಅಂದುಕೊಂಡಿದ್ದೆ. ಕೆಲಸಗಾರರ ಪರಿಹಾರಕ್ಕೆ ಇದ್ದ 1923ರ ಕಾಯಿದೆಯ 12ನೇ ಕಲಂ ಹಾಗೆ ಹೇಳುತ್ತಿರಲಿಲ್ಲ. ಕೆಲಸ ಕೊಟ್ಟವನು ತುಂಡು ಗುತ್ತಿಗೆಯವರ ಆಳಿಗೂ ಪರಿಹಾರ ಕೊಡಬೇಕು, ಆಮೇಲೆ ಬೇಕಾದರೆ ಗುತ್ತಿಗೆಯವರಿಂದ ವಸೂಲಿ ಮಾಡಿಕೊಳ್ಳಬೇಕು. ಲೆಕ್ಕವನ್ನೂ ಹಿರಿಯರು ಹಾಕಿ ತೋರಿಸಿದರು. ಜೀವ ಹೋದರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ಗೊತ್ತುಮಾಡಿದ ಒಂದು ಅಂಕಿಯಿಂದ ಗುಣಿಸಬೇಕು. ಸಂಬಳ ಎಷ್ಟೇ ಇದ್ದರೂ 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು 15,000 ರೂಪಾಯಿವರೆಗೆ. ಮೂವತ್ತು ವರ್ಷದವನ ಅಂಕಿ 207.98. 7,500ರಿಂದ ಗುಣಿಸಿದರೆ 15,59,850 ರೂಪಾಯಿ. ತಿಂಗಳೊಳಗೆ ಕೊಡದಿದ್ದರೆ 12 ಪರ್ಸೆಂಟ್ ಬಡ್ಡಿ. ಸರಿಯಾದ ಕಾರಣವಿಲ್ಲದೆ ತಡಮಾಡಿದರೆ ಅರ್ಧದಷ್ಟು ದಂಡವನ್ನೂ ಹಾಕಬಹುದಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮೊಳೆ ಹೊಡೆಯುವ ಹುಡುಗನ ಹೆಸರು ಬರೆಸದೆ ಉಳಿಸಿದ ದುಡ್ಡು ಎಷ್ಟು, ಅವನ ಹೆಂಡತಿ ಮಕ್ಕಳಿಗೆ ಕೊಡಬೇಕಾದದ್ದು ಎಷ್ಟು ಅಂತ ಆವತ್ತು ಮೊದಲ ಸಲ ಯೋಚನೆ ಮಾಡಿದೆ. ಎಲ್ಲ ಗ್ಯಾಂಗಿನವರನ್ನೂ ಬರೆಸಿದೆ.

ಆ ವರ್ಷ ಮಳೆ ಜಾಸ್ತಿ. ಆಗಸ್ಟ್‌ನಲ್ಲಿ ತೋಡುವ ಕೆಲಸ ನಡೆದಿತ್ತು. ಪಕ್ಕದ ಮನೆ ಕಡೆ ಒಂದೇ ಸಲ ಉದ್ದಕ್ಕೆ ತೋಡದೆ, ಒಂದು ಭಾಗ ಬಿಟ್ಟು ಒಂದು ಭಾಗ ತೋಡಿ, ಅಲ್ಲಿ ಮಣ್ಣು ತಡೆಯುವ ರಿಟೇನಿಂಗ್ ವಾಲ್ ಎಬ್ಬಿಸಿಕೊಂಡು ಹೋಗುತ್ತಿದ್ದೆವು. ಮಣ್ಣಿಗೆ ಹಲಗೆ, ಪೈಪಿನ ಆಸರೆ ಕೊಟ್ಟಿದ್ದೆವು. ಮೂರು ದಿನ ಬಿಡದೆ ಮಳೆ ಸುರಿಯಿತು. ಮೂರನೇ ರಾತ್ರಿ ಎರಡು ಗಂಟೆಗೆ ವಾಚ್‌ಮನ್ ಫೋನ್ ಮಾಡಿದ. ಹಿಂದಿನ ಮೂಲೆಯಲ್ಲಿ ಮಣ್ಣು ಜಾರಿ ಕಾಂಪೌಂಡ್ ಗೋಡೆಯೂ ಅಮ್ಮನ ಬಚ್ಚಲುಮನೆಯ ಅರ್ಧವೂ ಗುಂಡಿಗೆ ಬಿದ್ದಿತ್ತು.

ಟಾರ್ಚ್ ಬೆಳಕಿನಲ್ಲಿ ನೋಡಿದೆ. ಹೆಂಚು, ಇಟ್ಟಿಗೆ, ಕೆಸರು. ಅದರ ನಡುವೆ ನೀರು ಕಾಯಿಸುವ ತಾಮ್ರದ ಹಂಡೆ ಮಗುಚಿಕೊಂಡಿತ್ತು. ಅಮ್ಮ ಹಿತ್ತಿಲ ಬಾಗಿಲಲ್ಲಿ ಛತ್ರಿ ಹಿಡಿದು ನಿಂತಿದ್ದರು. ಬಯ್ಯಲಿಲ್ಲ. "ಬೆಳಗ್ಗೆ ನಾಲ್ಕಕ್ಕೆ ಏಳೋಳು ನಾನು. ಎರಡು ಗಂಟೆ ಲೇಟಾಗಿ ಬಿದ್ದಿದ್ರೆ ಒಳಗೇ ಇರ್ತಿದ್ದೆ" ಅಂದರು. ನನ್ನ ಕೈಕಾಲು ತಣ್ಣಗಾಯಿತು.

ನನಗೆ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಆ ಗಳಿಗೆ. "ಅಮ್ಮ, ಎಲ್ಲ ನಾನೇ ಹೊಸದಾಗಿ ಕಟ್ಟಿಸಿಕೊಡ್ತೀನಿ" ಅನ್ನುವ ಮಾತು ಬಾಯಿಗೆ ಬಂದಿತ್ತು. ನಾವು ಬೆಳೆದದ್ದೇ ಹಾಗೆ ಅಲ್ವಾ, ನಮ್ಮಿಂದ ತಪ್ಪಾದರೆ ಮೊದಲು ಮಾತು ಕೊಡಬೇಕು. ಆದರೆ ಪಾಲಿಸಿಯಲ್ಲಿ ಒಂದು ಷರತ್ತು ಇತ್ತು. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ದುಡ್ಡು ಕೊಡಬಾರದು, ಕೊಡುತ್ತೇನೆ ಅಂತ ಮಾತೂ ಕೊಡಬಾರದು. ಕೊಟ್ಟರೆ ಕ್ಲೇಮ್ ಕೈತಪ್ಪಬಹುದು. ಆಗ ಅಮ್ಮನಿಗೆ ಸಿಗುವುದು ನನ್ನ ಕೈಲಿ ಎಷ್ಟಿದೆಯೋ ಅಷ್ಟೇ. ಅದಕ್ಕೆ ಇಷ್ಟೇ ಹೇಳಿದೆ: "ಅಮ್ಮ, ನಾನು ಇಲ್ಲೇ ಇದೀನಿ. ಇನ್ಶೂರೆನ್ಸ್ ಮಾಡ್ಸಿದೀನಿ. ನಿಮಗೆ ಆಗಿರೋದನ್ನ ಪೂರ್ತಿ ಬರೆಸೋಣ. ಮೊದಲು ಉಳಿದ ಗೋಡೆ ಉಳಿಸ್ಕೊಳ್ಳೋಣ."

ಹಾನಿ ಇನ್ನೂ ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿಯ ಷರತ್ತೂ ಹೌದು. ಬೆಳಗಾಗುವುದರೊಳಗೆ ಗುಂಡಿಯ ಬುಡಕ್ಕೆ ಮರಳು ಮೂಟೆ ಜೋಡಿಸಿದೆವು, ಉಳಿದ ಗೋಡೆಗೆ ಆಸರೆ ಕೊಟ್ಟು ಟಾರ್ಪಾಲ್ ಹೊದಿಸಿದೆವು. ಏನನ್ನೂ ಮುಟ್ಟುವ ಮೊದಲು ಎಲ್ಲ ದಿಕ್ಕಿನಿಂದ ಫೋಟೋ ತೆಗೆದೆವು. ಬೆಳಗ್ಗೆ ಎಂಟಕ್ಕೆ ಕಂಪನಿಗೆ ಫೋನ್ ಮಾಡಿದೆ, ಹತ್ತಕ್ಕೆ ಇಮೇಲ್ ಕಳಿಸಿದೆ. ಹದಿನಾಲ್ಕು ದಿನದೊಳಗೆ ತಿಳಿಸದಿದ್ದರೆ ಕಂಪನಿಗೆ ಯಾವ ಹೊಣೆಯೂ ಇಲ್ಲ ಅಂತ ನನ್ನ ಪಾಲಿಸಿಯಲ್ಲಿ ಬರೆದಿತ್ತು. ಆದರೆ ಹದಿನಾಲ್ಕು ದಿನ ಇದೆಯಲ್ಲ ಅಂತ ಕೂರುವ ವಿಷಯ ಇದಲ್ಲ. ತಡವಾದಷ್ಟೂ ಸಾಕ್ಷಿ ಅಳಿಸಿಹೋಗುತ್ತದೆ.

ಸರ್ವೇಯರ್ ಮೂರನೇ ದಿನ ಬಂದರು. ಅವರ ಪ್ರಶ್ನೆಗಳೆಲ್ಲ ನಾನು ಏನು ಮಾಡಿದ್ದೆ ಅನ್ನುವುದರ ಸುತ್ತಲೇ ಇದ್ದವು. ಯಾವ ದಿನ ಎಷ್ಟು ಅಡಿ ತೋಡಿದಿರಿ? ಒಂದು ಸಲಕ್ಕೆ ಎಷ್ಟು ಉದ್ದ? ಆಸರೆ ಹಾಕಿದ್ದಕ್ಕೆ ಬಿಲ್ ಇದೆಯಾ? ಮಳೆ ನೀರು ಪಂಪ್ ಮಾಡಿ ತೆಗೆದಿರಾ? ಸೈಟ್ ಡೈರಿಯನ್ನು ನನ್ನ ಸೂಪರ್‌ವೈಸರ್ ಹುಡುಗ ದಿನವೂ ಬರೆದಿದ್ದ. ಪೈಪು ಬಾಡಿಗೆಯ ಬಿಲ್ಲು, ಪಂಪಿನ ಡೀಸೆಲ್ ಚೀಟಿ ಎಲ್ಲ ಇದ್ದವು. ಆಸರೆಯೇ ಇಲ್ಲದೆ ತೋಡಿದ್ದರೆ "ಹೀಗಾಗುತ್ತೆ ಅಂತ ಮೊದಲೇ ಕಾಣುತ್ತಿತ್ತು" ಅಂತ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಅಂಥ ಹಾನಿಯನ್ನು ಎಂಡಾರ್ಸ್‌ಮೆಂಟೇ ಹೊರಗಿಟ್ಟಿದೆ.

ಆಮೇಲೆ ಅಮ್ಮನ ಮನೆಯೊಳಗೆ ಹೋದರು. ಹದಿನಾಲ್ಕು ಬಿರುಕಿನ ರಿಪೋರ್ಟ್ ಕೈಯಲ್ಲಿ ಹಿಡಿದು ಒಂದೊಂದನ್ನೇ ಹೋಲಿಸಿದರು. ಹಜಾರದ ಎರಡು ಗಾಜು ಒಡೆದಿದ್ದವು. ಹೊಸದಾಗಿ ಐದು ಕೂದಲೆಳೆ ಬಿರುಕು ಬಂದಿದ್ದವು. ಬಚ್ಚಲುಮನೆಯ ಹಳೇ ಫೋಟೋದಲ್ಲಿ ಗೋಡೆ ನೆಟ್ಟಗೆ, ಗಟ್ಟಿಯಾಗಿ ಕಾಣುತ್ತಿತ್ತು. ಆ ಫೋಟೋ ಇಲ್ಲದಿದ್ದರೆ "ಮೊದಲೇ ಬೀಳೋ ಹಾಗಿತ್ತು" ಅನ್ನುವ ಮಾತು ಬರುತ್ತಿತ್ತೋ ಏನೋ. ನನಗಾಗಿ ತೆಗೆಸಿದ ಫೋಟೋ ಅವತ್ತು ಅಮ್ಮನ ಪರವಾಗಿ ಸಾಕ್ಷಿ ಹೇಳಿತು. ಹಂಡೆಯನ್ನೂ ಪಟ್ಟಿಗೆ ಸೇರಿಸಿಕೊಳ್ಳಿ ಅಂತ ಅಮ್ಮ ಪಟ್ಟು ಹಿಡಿದರು. ಸೇರಿಸಿದರು.

ಮುಂದೆ ಐದು ತಿಂಗಳು ಕಾಗದಪತ್ರ. ಮಗ ವಕೀಲರ ಮೂಲಕ ಐದೂವರೆ ಲಕ್ಷಕ್ಕೆ ನೋಟೀಸ್ ಕಳಿಸಿದರು. ಅದನ್ನು ನಾನು ಉತ್ತರಿಸದೆ ಅವತ್ತೇ ಕಂಪನಿಗೆ ಕೊಟ್ಟೆ. ಅದೂ ಒಂದು ಷರತ್ತು. ಹೆಂಚಿನ ಬಚ್ಚಲುಮನೆ ಬಿದ್ದದ್ದಕ್ಕೆ ಆರ್‌ಸಿಸಿ ಬಚ್ಚಲುಮನೆಯ ದುಡ್ಡು ಕೊಡಲು ಆಗುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಕಟ್ಟುವ ಖರ್ಚು ಎಷ್ಟೋ ಅಷ್ಟು ಅಂತ ಸರ್ವೇಯರ್ ಹೇಳಿದರು. ಮಾತುಕತೆಯಾಗಿ 3,70,000ಕ್ಕೆ ಒಪ್ಪಂದವಾಯಿತು. ಪಾಲಿಸಿಯ ಎಕ್ಸೆಸ್ 20,000 ನನ್ನ ಪಾಲು, ಉಳಿದದ್ದು ಕಂಪನಿಯದು. ಹಜಾರದ ಐದು ಬಿರುಕಿಗೆ ಒಂದು ಪೈಸೆಯೂ ಇಲ್ಲ ಅಂತ ರಿಪೋರ್ಟಿನಲ್ಲೇ ಬರೆದಿದ್ದರು. ಒಪ್ಪಂದಕ್ಕೆ ಎಲ್ಲರ ಸಹಿಯಾದ ಮೇಲೆ ಕಂಪನಿಯನ್ನು ಕೇಳಿಕೊಂಡು ಅವನ್ನು ನನ್ನ ಖರ್ಚಿನಲ್ಲೇ ತುಂಬಿಸಿ, ಹಜಾರಕ್ಕೆ ಪೂರ್ತಿ ಬಣ್ಣ ಹೊಡೆಸಿದೆ. ಆ ರಾತ್ರಿ ಬಾಯಿಗೆ ಬಂದು ನುಂಗಿಕೊಂಡಿದ್ದ ಮಾತು ಅದು. ಬಣ್ಣ ಯಾವುದು ಬೇಕು ಅಂತ ಕೇಳಿದಾಗ ಅಮ್ಮ ಹಳೇ ಫೋಟೋದ ಪ್ರತಿ ತಂದು, "ಇದೇ" ಅಂದರು.

ಈ ತಿಂಗಳು ನಂಜನಗೂಡು ರಸ್ತೆಯಲ್ಲಿ ಇನ್ನೊಂದು ಬೇಸ್‌ಮೆಂಟ್ ಕೆಲಸ ಹಿಡಿದಿದ್ದೇನೆ. ಪಾಲಿಸಿ ಬಂದಿದೆ. ಎರಡನೇ ಭಾಗ ಓದಿದ್ದೇನೆ, ಎಂಡಾರ್ಸ್‌ಮೆಂಟ್ ಇದೆ. ಅಲ್ಲಿ ಎಡಗಡೆ ಮನೆಯವರು ಒಳಗೆ ಬಿಡಲು ಒಪ್ಪಲಿಲ್ಲ. ಎರಡು ಸಲ ಹೋಗಿ ಕೇಳಿದೆ. ಆಮೇಲೆ ಕಾರಣವೆಲ್ಲ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಾಗದ ಕಳಿಸಿದೆ, ಪ್ರತಿಯನ್ನು ಕಂಪನಿಗೂ ಕೊಟ್ಟೆ. ರಸ್ತೆಯಿಂದ, ನಮ್ಮ ಸೈಟಿನ ಕಡೆಯಿಂದ ಕಾಣುವಷ್ಟು ಗೋಡೆಯ ಫೋಟೋ ತೆಗೆದಿಟ್ಟಿದ್ದೇವೆ. ನಿನ್ನೆ ಸಂಜೆ ಆ ಮನೆಯ ಯಜಮಾನರು ತಾವೇ ಕಾಂಪೌಂಡ್ ಹತ್ತಿರ ಬಂದು, "ಆ ಗಾಜು ಅಂಟಿಸೋದು ಯಾಕೆ, ಇನ್ನೊಂದ್ಸಲ ಹೇಳಿ" ಅಂದರು. ಭಾನುವಾರ ಬೆಳಗ್ಗೆ ಬನ್ನಿ ಅಂದಿದ್ದಾರೆ. ಸೋಮವಾರ ಬರಬೇಕಿದ್ದ ಜೆಸಿಬಿಯನ್ನು ಗುರುವಾರಕ್ಕೆ ಹಾಕಿಸಿದ್ದೇನೆ.